ಓಗೊಟ್ಟವಳು

ಟಕ್ ಎಂದಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್. ಕಿಟಕಿಯ ಚಿಲಕವಲ್ಲ, ಗಡಿಯಾರವಲ್ಲ ಎಂದು ಒಂದೊಂದನ್ನೇ ತಳ್ಳಿಹಾಕುತ್ತ ಅವಳು ಕತ್ತಲಲ್ಲಿ ಕಿವಿಗೊಟ್ಟು ಮಲಗಿದ್ದಳು. ಪಕ್ಕದ ಕೋಣೆಯಲ್ಲಿ ಮಗಳು ನಾಳೆ ಕೋರ್ಟಿಗೆ ಒಯ್ಯಬೇಕಾದ ನಕಲುಗಳನ್ನು ಜೋಡಿಸಿ ಸ್ಟೇಪ್ಲರ್ ಒತ್ತುತ್ತಿದ್ದಾಳೆ ಎಂದು ಗೊತ್ತಾದ ಮೇಲೂ ಕಿವಿ ಮುಂದಿನ ಟಕ್‌ಗೆ ಕಾಯುತ್ತಿತ್ತು. ಹುಡುಗಿ ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಮೂಲೆಗೆ ಮೂಲೆ ಕೂಡಿಸಿ, ಅಂಚನ್ನು ಮೇಜಿನ ಮೇಲೆ ಕುಟ್ಟಿ, ಆಮೇಲೆ ಒತ್ತುತ್ತಾಳೆ. ಇಷ್ಟು ವರ್ಷ ಬೀದಿಯವರು, ಅಂಗಡಿಯವರು, ನೆಂಟರು ಯಾವ ಹೆಸರಿನಿಂದ ತನ್ನನ್ನು ಕರೆದರೋ ಅದೇ ಹೆಸರನ್ನು ನಾಳೆ ನ್ಯಾಯಾಧೀಶರು ಮುದ್ರೆ ಒತ್ತಿ ಕೊಡುತ್ತಾರೆ, ಇಷ್ಟೇ ತಾನೆ, ಇದರಲ್ಲಿ ಹೆದರುವುದೇನಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಆ ಹೆಸರು ಇನ್ನೊಬ್ಬಳದು. ಈ ಮನೆಗೆ ಮೊದಲು ಬಂದವಳದು; ಮಗಳನ್ನು ಹೆತ್ತು, ಮಗುವಿಗೆ ಹಲ್ಲು ಮೂಡುವ ಮೊದಲೇ ಜ್ವರದಲ್ಲಿ ಹೋದವಳದು. ಗೋಡೆಯ ಆಚೆ ಕೂತ ಮಗಳಿಗೆ ಅಂಥ ಒಬ್ಬಳಿದ್ದಳೆಂಬುದೇ ಗೊತ್ತಿಲ್ಲ.

“ನಿದ್ದೆ ಬರ್ಲಿಲ್ವಾ?” ಎಂದ ಗಂಡ. ಅವನೂ ಎಚ್ಚರವಾಗಿಯೇ ಇದ್ದನೆಂದು ದನಿಯಿಂದ ತಿಳಿಯುತ್ತಿತ್ತು.

“ಹೆಸರು ಬದಲಾವಣೆ ಅಂತ ಪೇಪರಲ್ಲಿ ಹಾಕಿಸಿದ್ದನ್ನ ಅವಳ ತೌರಿನವರು ನೋಡಿದ್ರೆ ಏನ್ರೀ ಮಾಡೋದು?”

“ಇಷ್ಟು ವರ್ಷದಲ್ಲಿ ಒಂದು ಸಲ ಮಗು ಹೇಗಿದೆ ಅಂತ ಕೇಳದವರು, ಪೇಪರಿನ ಮೂಲೇಲಿರೋದನ್ನ ಭೂತಗನ್ನಡಿ ಹಿಡ್ಕೊಂಡು ಹುಡುಕ್ತಾರಾ? ಮಲ್ಕೋ.”

ಅವನು ಮಗ್ಗುಲು ಬದಲಿಸಿದ. ಅವಳು ಮಲಗಲಿಲ್ಲ.

ಬೆಳಿಗ್ಗೆ ಬಸ್ಸಿನಲ್ಲಿ ಮಗಳು ಕಿಟಕಿಯ ಪಕ್ಕ ಕೂತು ಫೈಲನ್ನು ಎದೆಗವಚಿಕೊಂಡಿದ್ದಳು. ಅವಳ ಕುತ್ತಿಗೆಯ ಹಿಂದೆ, ಕೂದಲು ಬಿಗಿದು ಕಟ್ಟಿದರೂ ತಪ್ಪಿಸಿಕೊಂಡು ಸುರುಳಿಯಾಗುವ ಒಂದು ಎಳೆಯಿದೆ. ಅದು ಗಂಡನ ಕಡೆಯದಲ್ಲ. ಮದುವೆಯಾಗಿ ಬಂದ ಮೊದಲ ವಾರ ಕಪಾಟಿನ ತಳದಲ್ಲಿ ಸಿಕ್ಕ ಬಾಚಣಿಗೆಯ ಹಲ್ಲುಗಳ ನಡುವೆ ಅಂಥದೇ ಸುರುಳಿ ಕೂದಲಿತ್ತು. ಬಾಚಣಿಗೆಯ ಜೊತೆ ಒಂದು ಜೊತೆ ಚಪ್ಪಲಿಯೂ ಇತ್ತು. ತನ್ನ ಕಾಲಿಗೆ ಒಂದು ಬೆರಳಿನಷ್ಟು ಚಿಕ್ಕದು. ಹೊಸದು ಬೇಕೆಂದು ಕೇಳಲು ಸಂಕೋಚವಾಗಿ ಅದನ್ನೇ ಮೆಟ್ಟಿ ಮೆಟ್ಟಿ ಸಡಿಲ ಮಾಡಿಕೊಂಡಿದ್ದಳು. ಹೆಸರೂ ಹಾಗೆಯೇ ಬಂತು. ಅತ್ತೆಗೆ ಆಗಲೇ ಮರೆವು ಹಿಡಿದಿತ್ತು. ಒಂದು ಮಧ್ಯಾಹ್ನ ಮಂಚದಿಂದಲೇ, ಸತ್ತ ಸೊಸೆಯ ಹೆಸರು ಹಿಡಿದು ನೀರು ತಾ ಎಂದು ಕೂಗಿದರು. ಅವಳು ಒಲೆಯ ಮುಂದೆ ಸೌಟು ಹಿಡಿದವಳು ಹಾಗೇ ನಿಂತಳು. ಗಂಡ ಅಡುಗೆಮನೆಯ ಬಾಗಿಲಿಗೆ ಬಂದು, “ವಯಸ್ಸಾದೋರು, ಇಲ್ಲ ಅಂದ್ರೆ ಮತ್ತೆ ಅಳೋಕೆ ಶುರು ಮಾಡ್ತಾರೆ, ಒಂದು ಸಲ ಓ ಅಂದ್ಬಿಡು” ಎಂದ. ಅವಳು ಓ ಎಂದಳು. ಎಷ್ಟು ಸುಲಭವಾಗಿತ್ತು. ಬಾಯಿ ಗುಂಡಗೆ ಮಾಡಿದರೆ ಆಯಿತು. ಮುದುಕಿ ನೀರು ಕುಡಿದು, “ಎಲ್ಲಿ ಹೋಗಿದ್ದೆ ಇಷ್ಟು ದಿನ?” ಎಂದು ಕೆನ್ನೆ ಸವರಿದರು. ಯಾರದೋ ಕೆನ್ನೆಗೆ ಸೇರಬೇಕಾದ ಕೈ ಅದು. ಆದರೂ ಆ ಮನೆಯಲ್ಲಿ ಅವಳನ್ನು ಅಕ್ಕರೆಯಿಂದ ಮುಟ್ಟಿದ ಮೊದಲ ಕೈ ಅದೇ ಆಗಿತ್ತು. ಅತ್ತೆ ಕೂಗಿದ್ದನ್ನು ಮಗು ಕಲಿಯಿತು. ಮನೆ ಬದಲಿಸಿದ ಮೇಲೆ ಹೊಸ ಬೀದಿಯವರಿಗೆ ಬೇರೆ ಹೆಸರೇ ಗೊತ್ತಿರಲಿಲ್ಲ. ಅತ್ತೆ ಸತ್ತರು. ಹೆಸರು ಹೋಗಲಿಲ್ಲ.

ಬಾಯಿಂದ ಕೈಗೆ ಅದು ಇಳಿದದ್ದು ಶಾಲೆಗೆ ಸೇರಿಸುವ ದಿನ. ಗುಮಾಸ್ತೆ ಮಗುವಿನ ಜನನ ಪತ್ರ ಓದಿ, ತಾಯಿಯ ಹೆಸರಿನ ಮೇಲೆ ಪೆನ್ನಿನ ತುದಿಯಿಟ್ಟು, “ನೀವೇ ತಾನೇ?” ಎಂದು ಕೇಳಿದಾಗ ಅವಳ ಬೆರಳನ್ನು ಮಗು ಬಿಗಿಯಾಗಿ ಹಿಡಿದುಕೊಂಡಿತ್ತು. ಅವಳು ಹೌದು ಎಂದಳು. ಇಲ್ಲಿ ಸಹಿ ಎಂದಾಗ ಮಾಡಿದಳು. ಮೊದಲ ಅಕ್ಷರ ಬರೆಯುವಾಗ ಪೆನ್ನು ಹೊರಳಲಿಲ್ಲ. ಗುಮಾಸ್ತೆ ಇಂಕು ಇಲ್ಲವೇನೋ ಎಂದು ಬೇರೆ ಪೆನ್ನು ಕೊಟ್ಟಳು. ಅವಳ ಸ್ವಂತ ತಾಯಿ ಬದುಕಿರುವ ತನಕ ವರ್ಷಕ್ಕೊಮ್ಮೆ ನೋಡಲು ಬರುತ್ತಿದ್ದಳು. ಒಮ್ಮೆ ಅವಳನ್ನು ಹುಟ್ಟಿದಾಗ ಇಟ್ಟ ಹೆಸರಿನಿಂದ ಕರೆದಾಗ ಮಗು ಬಿದ್ದು ಬಿದ್ದು ನಕ್ಕು, “ಅಜ್ಜಿ, ಅದ್ಯಾರು?” ಎಂದಿತ್ತು. ತಾಯಿ ಅವಳ ಮುಖ ನೋಡಿದಳು. ಮುಂದೆ ಯಾವತ್ತೂ ಹೆಸರು ಹಿಡಿಯದೆ ‘ಮಗಳೇ’ ಎಂದಷ್ಟೇ ಕರೆದಳು. ಸಾಯುವಾಗಲೂ ಹಾಗೆಯೇ ಕರೆದಳು. ಕಣ್ಣಿನ ಆಸ್ಪತ್ರೆಯಲ್ಲಿ, ಅವಳು ಇಷ್ಟು ವರ್ಷ ಕನ್ನಡಕದ ನಂಬರು ನೋಡುವ ಕೆಲಸ ಮಾಡುವ ಜಾಗದಲ್ಲಿ, ಆ ಹುಟ್ಟಿದ ಹೆಸರು ಸಂಬಳದ ಕಾಗದದಲ್ಲಿ ಮಾತ್ರ ಇದೆ. ಅಲ್ಲಿ ಎಲ್ಲರಿಗೂ ಅವಳು ಅಕ್ಷರದ ಮೇಡಂ. ‘ಈಗ ಚೆನ್ನಾಗಿ ಕಾಣುತ್ತೋ, ಆಗ ಕಾಣ್ತಿತ್ತೋ?’ ಎಂದು ದಿನವಿಡೀ ಕೇಳುತ್ತಾಳೆ. ಕೆಲವರು ಹಲಗೆಯ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ಕಾಣದ್ದನ್ನೂ ಕಂಡಂತೆ ಒಪ್ಪಿಸುತ್ತಾರೆ. ಅಂಥವರನ್ನು ಅವಳು ಕೂಡಲೇ ಗುರುತಿಸುತ್ತಾಳೆ.

ಇದೆಲ್ಲ ಎದ್ದದ್ದು ಮಗಳ ಪ್ರೀತಿಯಿಂದ. ಕೆಲಸ ಸಿಕ್ಕ ಮರುದಿನವೇ ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ಕಂಪನಿಯೇ ನೋಡಿಕೊಳ್ಳುತ್ತದೆಂದು ಕುಣಿದಿದ್ದಳು. ವಾರದ ಮೇಲೆ ಅಮ್ಮನ ಗುರುತಿನ ಚೀಟಿ ಹಿಡಿದುಕೊಂಡು ಬಂದು, “ಇದ್ಯಾರಮ್ಮಾ? ನಿನ್ನ ಫೋಟೋ, ಯಾರದೋ ಹೆಸರು! ನನ್ನ ಜನನ ಪತ್ರದಲ್ಲಿರೋ ಅಮ್ಮನೂ ಈ ಅಮ್ಮನೂ ಒಬ್ಬರೇ ಅಂತ ನಾನು ಆಫೀಸಲ್ಲಿ ಹೇಗೆ ನಂಬಿಸ್ಲಿ?” ಎಂದು ನಕ್ಕಳು. ಅವಳು ತರಕಾರಿ ಹೆಚ್ಚುತ್ತಿದ್ದಳು. ಗಂಡ ಪತ್ರಿಕೆಯಿಂದ ತಲೆಯೆತ್ತದೆ, “ಅದು ಹುಟ್ಟಿದಾಗ ಇಟ್ಟದ್ದು, ಇದು ಮದುವೆ ಆದ್ಮೇಲೆ ಬಂದದ್ದು” ಎಂದ. ಸುಳ್ಳೆನ್ನಲು ಅದರಲ್ಲಿ ಒಂದು ಮಾತೂ ಇರಲಿಲ್ಲ. ಮದುವೆಯ ನಂತರದ ಹೆಸರನ್ನೇ ಖಾಯಂ ಮಾಡಿಸಲು ಮಗಳು ಹಿಡಿದ ವಕೀಲ ಹಸನ್ಮುಖಿ. “ಕರೆಯೋ ಹೆಸರು ಬೇರೆ, ಕಾನೂನಿನ ಹೆಸರು ಬೇರೆ. ಕರೆಯೋಕೆ ಯಾರ ಅಪ್ಪಣೇನೂ ಬೇಡ ಮೇಡಂ. ಮನೇಲಿ ನನ್ನ ಹೆಂಡ್ತಿ ನನ್ನನ್ನ ಏನೇನೋ ಕರೀತಾಳೆ, ಅದನ್ನೆಲ್ಲ ಕೋರ್ಟಲ್ಲಿ ಖಾಯಂ ಮಾಡಿಸ್ಕೊಂಡ್ರೆ ನಾನು ಮುಗಿದೆ!” ಎಂದು ತಾನೇ ಮೊದಲು ನಕ್ಕ. ಅವನಿಗೂ ನಿಜ ಹೇಳಿರಲಿಲ್ಲ. ಇನ್ನೊಂದು ದಾರಿಯಿತ್ತು. ಕನ್ನಡಕಕ್ಕೆ ಬಂದ ವಿಮೆ ಕಚೇರಿಯ ಒಬ್ಬಳನ್ನು, ಪರಿಚಯದವರಿಗಾಗಿ ಕೇಳುವವಳಂತೆ ಕೇಳಿ ತಿಳಿದುಕೊಂಡಿದ್ದಳು: ಮಲತಾಯಿ ಎಂದು ಬರೆಸಿದರೂ ಸಾಕಂತೆ, ಯಾವ ಹೆಸರೂ ಬದಲಾಗಬೇಕಿಲ್ಲವಂತೆ. ಆ ಪದವನ್ನು ಮಗಳ ಅಕ್ಷರದಲ್ಲಿ, ಆ ದುಂಡಗಿನ ಅಕ್ಷರದಲ್ಲಿ ಕಲ್ಪಿಸಿಕೊಂಡು, ಲೆನ್ಸು ಬದಲಿಸಲು ಹೋದ ಕೈಯನ್ನು ಅವಳು ಹಾಗೇ ಹಿಂದಕ್ಕೆ ತೆಗೆದುಕೊಂಡಿದ್ದಳು.

ಕೋರ್ಟಿನ ಕಾರಿಡಾರಿನ ಉದ್ದಕ್ಕೂ ಬೆಂಚುಗಳಿದ್ದವು. ಒಂದು ನಕಲು ಕಡಿಮೆಯಿದೆಯೆಂದು ವಕೀಲ ಹೇಳಿದ್ದರಿಂದ ಮಗಳು ಹೊರಗೆ ಓಡಿದ್ದಳು. ವಕೀಲ ಇನ್ನೊಂದು ಕೋಣೆಗೆ ಹೋಗಿದ್ದ. ಪಕ್ಕದಲ್ಲಿ ಕೂತ ಮುದುಕ ಮುಖವನ್ನು ಮೇಲೆತ್ತಿ, ಬಾಗಿಲ ಮೇಲಿನ ಬೋರ್ಡಿನ ಕಡೆಗೆ ಕತ್ತನ್ನು ಅತ್ತ ಇತ್ತ ವಾಲಿಸುತ್ತಿದ್ದ. ನೇರಕ್ಕೆ ಕಾಣದ್ದನ್ನು ಓರೆಯಿಂದ ಹಿಡಿಯಲು ನೋಡುವವರ ಚಾಳಿ ಅದು.

“ತಾಯಿ, ಆ ಕೆಂಪು ಬೋರ್ಡಲ್ಲಿ ಏನ್ ಬಂದಿದೆ ಈಗ?”

“ನಾನೂರ ಆರು.”

“ಸರಿ ಸರಿ. ಮೊದಲೆಲ್ಲ ಜವಾನ ಗಂಟಲು ಹರ್ಕೊಂಡು ಕೂಗ್ತಿದ್ದ. ಈಗ ಇದು ಬಂದಿದೆ. ಕಣ್ಣಿಲ್ಲದೋರಿಗೆ ನ್ಯಾಯ ಬೇಡ ಅಂತ ಕಾಣುತ್ತೆ.”

ಅವಳಿಗೆ ನಗು ಬಂತು. ಅಭ್ಯಾಸದಿಂದ ಅವನ ಕಣ್ಣು ನೋಡಿದಳು. ಬಲಗಣ್ಣಿನ ನಡುವೆ ಬೆಳ್ಳಗೆ ಒಂದು ಚುಕ್ಕೆ. “ಪೊರೆ ಬಲಿತುಬಿಟ್ಟಿದೆಯಲ್ಲ. ಯಾವಾಗಲೋ ತೆಗೆಸ್ಬೇಕಿತ್ತು.”

“ನೀವು ಡಾಕ್ಟ್ರಾ?”

“ಅಲ್ಲ, ಕನ್ನಡಕದ ನಂಬರ್ ನೋಡೋ ಕೆಲಸ.”

“ಮತ್ತೇನು, ಅರ್ಧ ಡಾಕ್ಟ್ರೇ ಆದ್ರಿ! ಬಸ್ ಡ್ರೈವರ್ ತಾಯಿ ನಾನು. ಇದ್ದಷ್ಟು ದಿನ ಒಂದು ಕೋಳಿಗೂ ಗಾಲಿ ತಾಗಿಸ್ಲಿಲ್ಲ. ಕೊನೆಗೆ ಕಣ್ಣೇ ಕೈ ಕೊಡ್ತು.” ತನ್ನ ಮಾತನ್ನು ತಾನೇ ಮೆಚ್ಚಿ ತಲೆಯಾಡಿಸಿದ. ಎಷ್ಟೋ ಸಲ ಆಡಿ ಹದವಾದ ಮಾತು. ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತು. ನಮ್ಮ ಆಸ್ಪತ್ರೆಗೆ ಬನ್ನಿ, ನಾನೇ ನಿಂತು ಮಾಡಿಸ್ತೀನಿ ಎನ್ನಲು ಬಾಯಿ ತೆರೆದಳು.

“ಒಂದು ಉಪಕಾರ ಮಾಡಿ. ನಾನೂರ ಹನ್ನೆರಡು ಬಂದ್ರೆ ನನಗೊಂದು ಮಾತು ಹೇಳ್ಬಿಡಿ.”

ನಾನೂರ ಹನ್ನೆರಡು ಅವಳ ಸಂಖ್ಯೆ. ಮಗಳು ಫೈಲಿನ ಮೇಲೆ ದೊಡ್ಡದಾಗಿ ಬರೆದದ್ದು. ತೆರೆದ ಬಾಯಿಯನ್ನು ಮುಚ್ಚಿದಳು. ಮುದುಕ ತಪ್ಪು ಸಂಖ್ಯೆ ಹಿಡಿದುಕೊಂಡು ಬಂದಿರಬಹುದು. ಬೇರೆ ಕೋಣೆಯದಿರಬಹುದು. “ಏನು ಕೇಸು?” ಎಂದು ಕೇಳಿದ್ದು ತನ್ನದೇ ದನಿಯೋ ಎನಿಸಿತು.

“ಕೇಸು ನಂದಲ್ಲ. ಯಾವಳೋ ಒಬ್ಬಳು ನನ್ನ ತಂಗಿ ಹೆಸರು ಕೇಳಿದ್ದಾಳೆ. ಕ್ಷೌರದ ಅಂಗಡಿಯವನು ಪೇಪರ್ ಓದಿ ಹೇಳ್ತಾನೆ ನನಗೆ. ಮೊನ್ನೆ ಕೆನ್ನೆಗೆ ಸೋಪು ಹಚ್ಚಿ ಓದ್ತಾ ಇದ್ದ. ಹೆಸರು ಬಂತು. ಹಾಗೇ ಎದ್ದುಬಿಟ್ಟೆ. ಇರೋರು ಸಾವಿರ ಜನ ಇರ್ತಾರೆ ಕೂತ್ಕೋ ಅಂದ. ಗಂಡನ ಹೆಸರೇನಿದೆ ನೋಡು ಅಂದೆ. ನಮ್ಮ ಭಾವನದೇ.”

ಅವಳು ಬಾಗಿಲ ಮೇಲೆ ನೋಡಿದಳು. ಬೋರ್ಡು ನಾನೂರ ಎಂಟಕ್ಕೆ ಬಂದಿತು.

“ತಂಗಿ ಹೋದ ಮೇಲೆ ಅವರು ಇನ್ನೊಂದು ಮಾಡ್ಕೊಂಡ್ರು. ತಪ್ಪಲ್ಲ ಬಿಡಿ. ಕೈಗೂಸು, ಯಾರಾದ್ರೂ ಬೇಕಲ್ಲ. ಬಂದವಳು ಚೆನ್ನಾಗೇ ಸಾಕಿರ್ಬೇಕು.” ಅವನು ಮೊಣಕಾಲ ಮೇಲಿದ್ದ ಟೋಪಿಯನ್ನು ತಿರುವಿದ. “ಬೀದೀಲಿ ಏನಾದ್ರೂ ಕರೀಲಿ ತಾಯಿ. ಪ್ರೀತಿಗೆ ಕರೀತಾರೆ, ಅಭ್ಯಾಸಕ್ಕೆ ಕರೀತಾರೆ. ಬಾಯಿಗೆ ಬಂದದ್ದು ಬಾಯಲ್ಲೇ ಹೋಗುತ್ತೆ. ಕೋರ್ಟು ಹಾಗಲ್ಲ ನೋಡಿ. ಆ ಮಗು ಹುಟ್ಟಿದ ಕಾಗದದಲ್ಲಿ ತಾಯಿ ಅಂತ ಇದೆಯಲ್ಲ, ಇನ್ಮೇಲೆ ಅದು ಇವಳೇ. ನನ್ನ ತಂಗಿ ಹೆರ್ಲೇ ಇಲ್ಲ, ಇರ್ಲೇ ಇಲ್ಲ ಅಂತ ಆಗುತ್ತೆ. ನಾನು ಜಗಳಕ್ಕೆ ಬಂದಿಲ್ಲ. ಮೊದಲು ಒಬ್ಬಳಿದ್ದಳು ಅಂತ ಒಂದು ಸಾಲು ಬರ್ಕೊಳ್ಳಿ ಸ್ವಾಮಿ ಅಂತ ಹೇಳಿ ಹೋಗ್ತೀನಿ. ಅಷ್ಟೇ.”

ಅದೊಂದು ಸಾಲು. ಅವನು ಕೇಳುತ್ತಿದ್ದದ್ದು ಅಷ್ಟೇ, ನ್ಯಾಯವಾದದ್ದೇ. ಈ ಮನುಷ್ಯನ ಕೈ ಹಿಡಿದು ನಾನೇ ಅವಳು ಎಂದು ಈಗಲೇ ಹೇಳಬಹುದು, ಇವನು ಬೈಯಲಿಕ್ಕಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಬೈಯುವವನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಆ ಸಾಲನ್ನು ನ್ಯಾಯಾಧೀಶರು ಗಟ್ಟಿಯಾಗಿ ಓದುತ್ತಾರೆ, ಪಕ್ಕದಲ್ಲಿ ಮಗಳು ನಿಂತಿರುತ್ತಾಳೆ. ಅವಳು ತನ್ನ ಕಡೆ ತಿರುಗುವ ಆ ಕ್ಷಣ. ಮಗಳಿಗೆ ಆರು ವರ್ಷವಾಗಿದ್ದಾಗ ಗಂಟಲು ಕಟ್ಟಿ ಉಸಿರು ಸಿಗದೆ ಒದ್ದಾಡಿದ ರಾತ್ರಿ, ಬಿಸಿನೀರಿನ ಹಬೆ ಹಿಡಿದು ಬೆಳಗಿನ ತನಕ ತೊಡೆಯ ಮೇಲೆ ಕೂರಿಸಿಕೊಂಡದ್ದು. ಮಗು ಸುಸ್ತಾಗಿ ‘ಅಮ್ಮ’ ಎನ್ನಲೂ ಆಗದೆ ಬರೀ ತುಟಿಯಾಡಿಸಿದ್ದು. ಆ ಮೊದಲಿನವಳೇನು ಮಾಡಿದಳು? ಹೆತ್ತಳು. ಹೆತ್ತು ಹೋದಳು. ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಸತ್ತವಳ ಮೇಲೆ ಇಷ್ಟು ವರ್ಷ ಇಂಥ ಒಂದು ಮಾತನ್ನು ಮನಸ್ಸಿನಲ್ಲೂ ಆಡಿರಲಿಲ್ಲ. ಇವತ್ತು ಆಡಿಬಿಟ್ಟಳು.

“ಅಮ್ಮಾ! ಜೆರಾಕ್ಸ್ ಅಂಗಡೀಲಿ ಜನವೋ ಜನ.” ಮಗಳು ಏದುಸಿರು ಬಿಡುತ್ತ ಬಂದಳು.

ಮುದುಕ ದನಿಯ ಕಡೆ ಮುಖ ತಿರುಗಿಸಿದ. “ಮಗಳಾ?”

“ಹೌದು.”

“ಗಂಟಲು ಚೆನ್ನಾಗಿದೆ. ಓದ್ತಿದ್ದೀಯಾ ಮಗಳೇ?”

“ಓದು ಮುಗೀತು ತಾತ. ಕೆಲಸಕ್ಕೆ ಸೇರಿದ್ದೀನಿ. ಸೇರಿದ್ದೇ ಅಮ್ಮನ್ನ ಕೋರ್ಟಿಗೆ ಎಳ್ಕೊಂಡು ಬಂದಿದ್ದೀನಿ.” ಹುಡುಗಿ ತನ್ನ ಸೋದರಮಾವನನ್ನು ತಾತ ಎಂದಳು.

“ಅಯ್ಯಯ್ಯೋ, ಅಂಥ ತಪ್ಪೇನು ಮಾಡಿದಾರೆ ಇವರು?”

ಮಗಳು ನಕ್ಕು, “ಏನಿಲ್ಲ ತಾತ, ಇವರ ಹೆಸ—”

“ವಕೀಲರು ಎಲ್ಲಿ ಹೋದ್ರು ನೋಡ್ಕೊಂಡು ಬಾ” ಎಂದಳು ಅವಳು. ದನಿ ಬೇಕಾದ್ದಕ್ಕಿಂತ ಗಡುಸಾಯಿತು. ಮಗಳು ಒಂದು ಗಳಿಗೆ ಅವಳನ್ನು ನೋಡಿ, ಹೆಗಲು ಕುಣಿಸಿ ಬಾಗಿಲ ಕಡೆ ಹೋದಳು. ಮುದುಕ ಆ ಹೆಜ್ಜೆಯ ಸಪ್ಪಳ ಮುಗಿಯುವ ತನಕ ಕೇಳಿಸಿಕೊಂಡ.

“ನನ್ನ ತಂಗಿ ಮಗಳೂ ಇಷ್ಟೇ ಇರ್ಬೇಕು ಈಗ” ಎಂದ. “ಇವತ್ತು ಬಂದಿರ್ತಾಳೋ ಏನೋ. ಬಂದ್ರೂ ನನಗೆ ಕಾಣ್ಬೇಕಲ್ಲ.”

ಬಾಗಿಲ ಮೇಲೆ ಸಂಖ್ಯೆ ಬದಲಾಯಿತು. ನಾಲ್ಕು, ಒಂದು, ಎರಡು. ಎಂಥ ಸ್ಪಷ್ಟವಾದ ಅಂಕೆಗಳು, ಕಾರಿಡಾರಿನ ಆ ತುದಿಯಿಂದಲೂ ಓದಬಹುದಿತ್ತು. ಬೋರ್ಡಿನ ಕೆಳಗೆ ಮಗಳು, ಜೊತೆಗೆ ವಕೀಲ. ಒಳಗೆ ನಡೆಯುತ್ತಿದ್ದದ್ದಕ್ಕೆ ತೊಂದರೆಯಾಗದಂತೆ ಮಗಳು ಬಾಯಿ ತೆರೆಯದೆ ಎರಡೂ ಕೈ ಎತ್ತಿ ಬೀಸಿದಳು. ಬಾ, ಬೇಗ ಬಾ. ಮುದುಕನ ಮುಖ ಆ ಕೈಗಳ ಕಡೆಗೇ ಇತ್ತು.

ಅವಳು ಎದ್ದಳು. ಬೆಂಚು ಅಲುಗಿತು.

“ಎಲ್ಲಿಗೆ ತಾಯಿ?”

“ಇಲ್ಲೇ. ನೀರು ಕುಡಿದು ಬರ್ತೀನಿ.”

“ನನ್ನ ನಂಬರು?”

“ಇನ್ನೂ ಬಂದಿಲ್ಲ.”

“ಸರಿ, ಹೋಗಿ ಬನ್ನಿ. ನಿಮ್ಮ ಜಾಗ ನೋಡ್ಕೋತೀನಿ” ಎಂದು ಅವನು ಟೋಪಿಯನ್ನು ತೆಗೆದು ಅವಳು ಕೂತಿದ್ದ ಜಾಗದಲ್ಲಿಟ್ಟ.

ಒಳಗೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ನ್ಯಾಯಾಧೀಶೆ ಅವಳಿಗಿಂತ ಚಿಕ್ಕವಳು, ನೆಗಡಿಯಾದವಳಂತೆ ಮೂಗೊರೆಸಿಕೊಳ್ಳುತ್ತಿದ್ದಳು. ಹುಟ್ಟಿದ ಹೆಸರನ್ನು ಓದಿದಾಗ ತಾಯಿ ಹಾಗೆ ಕರೆಯುವುದನ್ನು ಬಿಟ್ಟ ಮೇಲೆ ಮೊದಲ ಸಲ ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಂತಾಯಿತು. ಯಾರೋ ಹಿಂದಿನಿಂದ ಭುಜ ಮುಟ್ಟಿದಂತೆ ಬೆಚ್ಚಿದಳು. ಆಮೇಲೆ ಇನ್ನೊಂದನ್ನು ಓದಿದಳು. ಮದುವೆಯ ನಂತರ ರೂಢಿಯಿಂದ ಬಂದದ್ದು, ಮನೆಯವರು ನೆರೆಯವರು ಹೀಗೆಯೇ ಕರೆಯುತ್ತಾರೆ ಎಂದು ವಕೀಲ ಒಂದೇ ಉಸಿರಿಗೆ ಹೇಳಿದ. ಸತ್ಯವನ್ನೇ ಹೇಳುತ್ತೇನೆಂದು ಅವಳು ಕೈ ಎತ್ತಿದಳು.

“ಪ್ರಕಟಣೆ ನೋಡಿ ಆಕ್ಷೇಪಣೆ ಅಂತ ಯಾರಾದ್ರೂ ಬಂದಿದ್ದಾರಾ?”

“ಯಾರೂ ಇಲ್ಲ ಮೇಡಂ” ಎಂದ ವಕೀಲ.

ನ್ಯಾಯಾಧೀಶೆ ಅವಳ ಕಡೆ ನೋಡಿದಳು. “ನಿಮಗೆ ಗೊತ್ತಿರೋ ಹಾಗೆ?”

ಬಾಗಿಲು ಅವಳ ಬೆನ್ನ ಹಿಂದಿತ್ತು. ಆಚೆ ಇಪ್ಪತ್ತು ಮಾರು ದೂರದಲ್ಲಿ ಒಬ್ಬ ತನಗಾಗಿ ಜಾಗ ಹಿಡಿದು ಕೂತಿದ್ದ. ಈಗ ಅವನೇ ಎದ್ದು ಬರಲಿ, ಯಾರನ್ನಾದರೂ ಕೇಳಿಕೊಂಡು ಬಾಗಿಲು ದೂಡಿ ಒಳಗೆ ಬಂದುಬಿಡಲಿ ಎಂದು ಅವಳು ಆ ಒಂದು ಗಳಿಗೆ ನಿಜವಾಗಿಯೂ ಬೇಡಿಕೊಂಡಳು. ಪಕ್ಕದಲ್ಲಿ ಮಗಳು ಅವಳ ಮೊಣಕೈಯನ್ನು ಮೆಲ್ಲಗೆ ಒತ್ತಿದಳು, ಹೇಳಮ್ಮ ಎನ್ನುವಂತೆ.

“ಇಲ್ಲ” ಎಂದಳು.

ಮುದ್ರೆ ಬಿತ್ತು. ಮಂಜೂರಾಗಿದೆ ಎನ್ನುವಾಗ ನ್ಯಾಯಾಧೀಶೆ ಸೀನಿದಳು. ಮಗಳು ನಗು ತಡೆಯಲು ತುಟಿ ಕಚ್ಚಿಕೊಂಡಳು. ಆದೇಶದ ಪ್ರತಿ ಕೊಡುವ ಕೋಣೆ ಹಿಂದಿದೆ ಎಂದು ವಕೀಲ ಅವರನ್ನು ಪಕ್ಕದ ಇನ್ನೊಂದು ಬಾಗಿಲಿನಿಂದ ಕರೆದೊಯ್ದ. ತಿರುವಿನಲ್ಲಿ ಒಂದು ಗಾಜಿನ ಕಿಟಕಿ. ನೋಡಬಾರದೆಂದುಕೊಂಡೇ ನೋಡಿದಳು. ಬೋರ್ಡಿನಲ್ಲಿ ನಾನೂರ ಹದಿನೈದು. ಮುದುಕ ಮುಖವೆತ್ತಿ, ಕತ್ತನ್ನು ಅತ್ತ ಇತ್ತ ವಾಲಿಸುತ್ತ ಕೂತೇ ಇದ್ದ. ಯಾರೋ ಹೆಂಗಸು ಕೂರಲು ಬಂದದ್ದಕ್ಕೆ ಕೈ ಅಡ್ಡ ಹಿಡಿದು, ಇಲ್ಲ, ಒಬ್ಬರಿದ್ದಾರೆ, ಬರ್ತಾರೆ ಎಂದು ಹೇಳುತ್ತಿರುವುದು ಅವನ ತುಟಿಯ ಚಲನೆಯಲ್ಲೇ ತಿಳಿಯಿತು.

“ಆ ತಾತ ಏನೋ ಹೇಳ್ತಿದ್ರಲ್ಲಮ್ಮ ನಿನ್ನ ಹತ್ತಿರ?” ಎಂದಳು ಮಗಳು.

“ಬೋರ್ಡು ಕಾಣ್ಸಲ್ಲ ಅಂತ ನಂಬರ್ ಕೇಳ್ತಿದ್ರು.”

“ಹೇಳಿದ್ಯಾ?”

“ಹೇಳಿದೆ.”

“ಪಾಪ” ಎಂದಳು ಮಗಳು. ಫೋನು ಬಡಿದುಕೊಂಡಿತು. “ಅಪ್ಪ” ಎಂದು ಅವಳ ಕೈಗೆ ಕೊಟ್ಟಳು.

“ಆಯ್ತಾ?” ಎಂದ ಗಂಡ.

“ಆಯ್ತು.”

ರಾತ್ರಿ ಭೂತಗನ್ನಡಿಯ ಮಾತಾಡಿದವನ ದನಿ ಈಗ ಸಣ್ಣಗಾಗಿತ್ತು. “ಯಾರಾದ್ರೂ ಬಂದಿದ್ರಾ?”

ಮಗಳು ನಾಲ್ಕು ಹೆಜ್ಜೆ ಮುಂದೆ, ಕಿಟಕಿಯ ಮುಂದಿನ ಸಾಲಿನಲ್ಲಿ ನಿಂತು, ಅವಳ ಹೊಸ ಹೆಸರನ್ನು ಗುಮಾಸ್ತನಿಗೆ ಒಂದೊಂದೇ ಅಕ್ಷರವಾಗಿ, ಹೆಮ್ಮೆಯಿಂದ ಬರೆಸುತ್ತಿದ್ದಳು. ಇವನಿಗೆ ಹೇಳಬಹುದಿತ್ತು. ಹೇಳಿದರೆ ಮೊದಲು ಗಾಬರಿಯಾಗುತ್ತಾನೆ, ಆಮೇಲೆ ನಿಟ್ಟುಸಿರು ಬಿಟ್ಟು, ಒಳ್ಳೇದೇ ಮಾಡಿದೆ ಬಿಡು ಎನ್ನುತ್ತಾನೆ. ಸಮಾಧಾನಕ್ಕೆಂದೇ ಆಡುವ ಆ ಮಾತಿನಿಂದ ತಾನು ಮಾಡಿದ್ದು ಇಬ್ಬರೂ ಸೇರಿ ಮಾಡಿದ ಒಂದು ಮನೆಗೆಲಸದಂತಾಗಿ, ನಾಳೆ ನಾಡಿದ್ದರಲ್ಲಿ ಮರೆತುಹೋಗುತ್ತದೆ. ಕಾರಿಡಾರಿನಲ್ಲಿ ಕೂತವನಿಗೆ ಆ ನೆನಪಿನಷ್ಟನ್ನೂ ಕೊಡದೆ ಹೋದಂತಾಗುತ್ತದೆ. ಒಬ್ಬಳಾದರೂ ಮರೆಯದೆ ಇರಬೇಕು. ಅದಕ್ಕೆ ಯಾರಿಗೂ ಹೇಳಬಾರದು. ಇವನಿಗೂ, ಮಗಳಿಗೂ, ಸಾಯುವಾಗ ಬಾಯಿ ಸಡಿಲವಾದರೂ ಸರಿ.

“ಯಾರೂ ಬರ್ಲಿಲ್ಲ” ಎಂದು ಅವಳು ಫೋನಿಟ್ಟಳು.